ಇಬ್ಬರ ಪಾಲಿನ ಪ್ರೀತಿ

(ನಮ್ಮೂರಿನ ಸಂಗೀತಾಸಕ್ತರ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಕೇಳಿಕೊಳ್ಳುತ್ತೇನೆ. ಈ ಫ್ಯಾನನ್ನು ಸ್ವಲ್ಪ ಹೊತ್ತು ಆರಿಸಬಹುದಾ? ಸೆಕೆ ಇದೆ, ಗೊತ್ತು. ಮೂರೇ ನಿಮಿಷ ತಡೆದುಕೊಳ್ಳಿ. ನಾನು ಇವತ್ತು ಕೇಳಿಸಬೇಕು ಅಂತಿರುವ ಹಾಡು ಫ್ಯಾನಿನ ಸದ್ದಿಗೂ ಸೋತುಬಿಡುತ್ತದೆ. ಹಾಗಿದ್ದೂ 2017ರ ಮೇ 13ರ ರಾತ್ರಿ, ಉಕ್ರೇನಿನ ಕೀವ್ ನಗರದಲ್ಲಿ, ಬಾವುಟ ಬೀಸುತ್ತಾ ಕೂಗುತ್ತಿದ್ದ ಸಾವಿರಾರು ಜನರ ನಡುವೆ ಗೆದ್ದದ್ದು ಇದೇ ಹಾಡು.

(ಹಾಡು ಕೇಳಿಸಿದ್ದಾಯಿತು. ಫ್ಯಾನ್ ಮತ್ತೆ ತಿರುಗಿತು.)

ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತಿದೆ. "ಚೆನ್ನಾಗಿದೆ, ಆದರೆ ಇದಕ್ಕೆ ಅಷ್ಟೊಂದು ಏನು?" ಅಂತ ತಾನೇ? ನಾನೂ ಮೊದಲ ಸಲ ಇಪ್ಪತ್ತು ಸೆಕೆಂಡು ಕೇಳಿ ಮುಂದಿನ ಹಾಡಿಗೆ ಹೋಗಿಬಿಟ್ಟಿದ್ದೆ. ಭಾವಗೀತೆ ಕಲಿಯೋಕೆ ಬರುವ ಮಕ್ಕಳಿಗೆ "ಪೂರ್ತಿ ಕೇಳಿ ಆಮೇಲೆ ಮಾತಾಡಿ" ಅಂತ ದಿನಾ ಹೇಳುವವಳು ನಾನು. ವಾರ ಕಳೆದ ಮೇಲೆ, ರಾತ್ರಿ ಅಡುಗೆಮನೆ ಒರೆಸುವಾಗ, ಫೋನಿನಲ್ಲಿ ತಾನಾಗಿಯೇ ಮತ್ತೆ ಬಂತು. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಅವತ್ತು ಅರ್ಥ ಒಂದು ಅಕ್ಷರವೂ ತಿಳಿಯಲಿಲ್ಲ. ಏನನ್ನೋ ಬೇಡುತ್ತಿದ್ದಾನೆ ಅನ್ನೋದು ಮಾತ್ರ ತಿಳಿಯಿತು.

ಹಾಡಿನ ಹೆಸರು 'ಅಮಾರ್ ಪೆಲುಶ್ ದೊಯ್ಶ್'. ಪೋರ್ಚುಗೀಸ್ ಭಾಷೆ. ಇಬ್ಬರ ಪಾಲಿನದ್ದನ್ನೂ ಪ್ರೀತಿಸುವುದು ಅಂತ ಅರ್ಥ. ಹಾಡಿದವನು ಸಲ್ವದೋರ್ ಸೊಬ್ರಾಲ್. ಮಾತು, ಧಾಟಿ ಎರಡೂ ಅವನ ಅಕ್ಕ ಲುಯೀಜ಼ಾ ಸೊಬ್ರಾಲ್ ಅವರದ್ದು. ಪಿಯಾನೊ, ತಂತಿವಾದ್ಯಗಳನ್ನು ಹಾಡಿಗೆ ಹೊಂದಿಸಿಕೊಟ್ಟವರು ಲುಯೀಶ್ ಫಿಗೈರೆದು. ಸ್ಪರ್ಧೆ ಯೂರೋವಿಷನ್.

ಯೂರೋವಿಷನ್ ಬಗ್ಗೆ ಎರಡೇ ಮಾತು. 1956ರಲ್ಲಿ ಸ್ವಿಟ್ಜರ್‌ಲೆಂಡಿನ ಲುಗಾನೊದಲ್ಲಿ 7 ದೇಶಗಳು ಸೇರಿ ಶುರು ಮಾಡಿದ ಹಾಡಿನ ಸ್ಪರ್ಧೆ. ಒಂದು ದೇಶಕ್ಕೆ ಒಂದು ಹಾಡು, ಮೂರು ನಿಮಿಷ ಮೀರುವಂತಿಲ್ಲ. ವೇದಿಕೆಯ ಮೇಲೆ ಆರು ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ನಿಮಗೆ ಗೊತ್ತಿರುವ ಹೆಸರು ಬೇಕಾದರೆ, 1974ರಲ್ಲಿ ಅಬ್ಬಾ ತಂಡ ಗೆದ್ದದ್ದು ಇಲ್ಲೇ. 1988ರಲ್ಲಿ ಸೆಲೀನ್ ಡಿಯಾನ್ ಗೆದ್ದದ್ದೂ ಇಲ್ಲೇ, ಅದೂ ಸ್ವಿಟ್ಜರ್‌ಲೆಂಡಿನ ಪರವಾಗಿ. ಆಕೆ ಕೆನಡಾದವರು, ಆದರೂ ಪರವಾಗಿಲ್ಲ. ನಿಯಮ ಅಷ್ಟು ಸಡಿಲ.

ಪೋರ್ಚುಗಲ್ ಈ ಸ್ಪರ್ಧೆಯಲ್ಲಿ ಹಿಂದಿನ ಬೆಂಚಿನ ಹುಡುಗ. 1964ರಲ್ಲಿ ಮೊದಲ ಸಲ ಬಂತು. ಸೊನ್ನೆ ಅಂಕ. ಸೊನ್ನೆ ಅಂದರೆ ನಿಜವಾಗಿ ಸೊನ್ನೆ. 1996ರಲ್ಲಿ ಆರನೇ ಸ್ಥಾನ, ಅದೇ ದೊಡ್ಡ ಸಾಧನೆ. 2010ರ ನಂತರ ಫೈನಲ್‌ಗೂ ಬರಲಿಲ್ಲ. 2016ರಲ್ಲಂತೂ ಸ್ಪರ್ಧೆಗೇ ಹೋಗಲಿಲ್ಲ. 2017ರದ್ದು ಅವರ 49ನೇ ಹಾಡು.

ನಡುವೆ ಒಂದು ಕಥೆ ಹೇಳದೆ ಇರಲಾರೆ. ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. 1974ರಲ್ಲಿ, ಅಬ್ಬಾ ಗೆದ್ದ ಅದೇ ವರ್ಷ, ಪೋರ್ಚುಗಲ್ ಕಳಿಸಿದ ಹಾಡು 3 ಅಂಕ ಪಡೆದು ಕಟ್ಟಕಡೆಯ ಸಾಲಿನಲ್ಲಿ ನಿಂತಿತು. ಪ್ರೀತಿ ಮುಗಿದ ಮೇಲಿನ ವಿದಾಯದ ಹಾಡು. ಯಾರಿಗೂ ತೊಂದರೆ ಕೊಡದ ಸಾಧು ಹಾಡು. ಮೂರು ವಾರವೂ ಆಗಿರಲಿಲ್ಲ. ಏಪ್ರಿಲ್ 24ರ ರಾತ್ರಿ 10.55ಕ್ಕೆ ಲಿಸ್ಬನ್ನಿನ ಒಂದು ರೇಡಿಯೊ ಅದನ್ನು ಹಾಕಿತು. ದಂಗೆ ಏಳಲು ಕಾದಿದ್ದ ಸೈನಿಕರಿಗೆ ಅದೇ ಸನ್ನೆ, ತಯಾರಾಗಿ ಅಂತ. ಮರುದಿನ ಸಂಜೆಯ ಹೊತ್ತಿಗೆ ದಶಕಗಳ ಸರ್ವಾಧಿಕಾರ ಉರುಳಿಬಿತ್ತು. ಬಂದೂಕಿನ ಬಾಯಿಗೆ ಕೆಂಪು ಹೂವು ಸಿಕ್ಕಿಸಿದ ಫೋಟೊ ನೋಡಿರುತ್ತೀರಿ, ಅದೇ ದಂಗೆ. ಆ ಹಾಡನ್ನು ಆರಿಸಿದ್ದಕ್ಕೆ ಕಾರಣವೂ ಚೆನ್ನಾಗಿದೆ. ಪ್ರೇಮಗೀತೆ ಕೇಳಿ ಯಾರಿಗೂ ಅನುಮಾನ ಬರುವುದಿಲ್ಲ ನೋಡಿ. ಯೂರೋವಿಷನ್‌ನಲ್ಲಿ ಕೊನೆಗೆ ಬಂದ ಹಾಡು ಒಂದು ಸರ್ಕಾರವನ್ನು ಬೀಳಿಸಲು ಕೈ ಹಾಕಿತು. ಗೆದ್ದ ಹಾಡುಗಳಲ್ಲಿ ಯಾವುದಕ್ಕೆ ಆ ಭಾಗ್ಯ ಇದೆ?

ಸರಿ, ನಮ್ಮ ಹಾಡಿಗೆ ಬರೋಣ.

ಇದರ ನಡಿಗೆ ಮೂರರದ್ದು. ವಾಲ್ಟ್ಸ್ ಅಂತಾರಲ್ಲ, ಆ ಲಯ. ಒಂದು-ಎರಡು-ಮೂರು, ಒಂದು-ಎರಡು-ಮೂರು. ನಮ್ಮ ತಾಳ ಕಲಿತವರಿಗೆ ತಿಶ್ರ ಅಂದರೆ ಸಾಕು. ಆದರೆ ಆ ಮೂರನ್ನು ಯಾರೂ ಕುಟ್ಟಿ ಹೇಳುವುದಿಲ್ಲ. ಡ್ರಮ್ ಇಲ್ಲ. ತಂತಿಗಳು ಉಸಿರಾಡಿದ ಹಾಗೆ ಏರಿ ಇಳಿಯುತ್ತವೆ, ಪಿಯಾನೊ ಅಲ್ಲೊಂದು ಇಲ್ಲೊಂದು ಸ್ವರ ಇಡುತ್ತದೆ. ಹಾಡುವವನು ಆ ಮೂರರ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ಒಂದು ಕ್ಷಣ ತಡವಾಗಿ ಬರುತ್ತಾನೆ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲ ಮೇಲೆ ಸುಮ್ನೆ ನಿಂತು ಹಿಂದೆ ನೋಡುತ್ತೇವಲ್ಲ, ಹಾಗೆ.

ಕಟ್ಟಡವೂ ಸರಳ. ಮೊದಲು ನಾಲ್ಕು ಸಾಲು. ನಂತರ ಬೇಡಿಕೆಯ ನಾಲ್ಕು ಸಾಲು. ಅದೇ ಬೇಡಿಕೆ ಇನ್ನೊಮ್ಮೆ. ಕೊನೆಗೆ ಮೊದಲಿನ ಧಾಟಿ ಬೇರೆ ಮಾತು ಹೊತ್ತು ವಾಪಸ್ಸು ಬರುತ್ತದೆ. ಅಷ್ಟೇ. ಈ ಸ್ಪರ್ಧೆಯ ಹಾಡುಗಳಿಗೆ ಒಂದು ಚಾಳಿ ಇದೆ. ಕೊನೆಯ ಅರ್ಧ ನಿಮಿಷಕ್ಕೆ ಶ್ರುತಿ ಒಂದು ಮನೆ ಮೇಲೇರುತ್ತದೆ, ಗಾಳಿ ಯಂತ್ರ ಕೂದಲು ಹಾರಿಸುತ್ತದೆ, ಗಾಯಕಿ ಕೈ ಎತ್ತುತ್ತಾಳೆ. ಇಲ್ಲಿ ಶ್ರುತಿ ಶುರುವಿನಲ್ಲಿ ಎಲ್ಲಿತ್ತೋ ಕೊನೆಗೂ ಅಲ್ಲೇ. ಕೊನೆಯ ಸಾಲಿಗೆ ದನಿ ದೊಡ್ಡದಾಗುವ ಬದಲು ಚಿಕ್ಕದಾಗುತ್ತದೆ. ಮಕ್ಕಳಿಗೆ ನಾನು ಕಲಿಸಲು ಹೆಣಗುವುದು ಇದನ್ನೇ. ಕೊನೆಯ ಸಾಲು ಬಂತು ಅಂದರೆ ಸಾಕು, ಹಾರ್ಮೋನಿಯಂನ ತಿದಿ ಹರಿದುಹೋಗುವ ಹಾಗೆ ಒತ್ತುತ್ತಾರೆ.

ಈಗ ಮಾತಿಗೆ ಬರುತ್ತೇನೆ. ಪೋರ್ಚುಗೀಸ್ ನಮಗೆ ಪೂರಾ ಪರಕೀಯ ಅಂತೀರಾ? ಚಾವಿ, ಬಾಲ್ದಿ, ಪಗಾರ, ಇವೆಲ್ಲ ಆ ಹಡಗುಗಳಲ್ಲೇ ಬಂದವು. ದುರದೃಷ್ಟಕ್ಕೆ ಈ ಹಾಡಿನಲ್ಲಿ ಬಾಲ್ದಿಯೂ ಇಲ್ಲ, ಚಾವಿಯೂ ಇಲ್ಲ. ಹಾಗಾಗಿ ನಾನೇ ಅರ್ಥ ಹೇಳಬೇಕು.

ಯಾರಾದರೂ ಒಂದು ದಿನ ನನ್ನ ಬಗ್ಗೆ ಕೇಳಿದರೆ, ನಿನ್ನನ್ನು ಪ್ರೀತಿಸಲೆಂದೇ ಬದುಕಿದ್ದೆ ಅಂತ ಹೇಳು. ನೀನು ಬರುವ ಮುಂಚೆ ನಾನು ಸುಮ್ಮನೆ ಇದ್ದೆ, ಅಷ್ಟೇ. ಸುಸ್ತಾಗಿದ್ದೆ, ಕೊಡಲು ಏನೂ ಇರಲಿಲ್ಲ. ಇದು ಶುರು. ಆಮೇಲೆ ಬೇಡಿಕೆ. ವಾಪಸ್ಸು ಬಾ, ಮತ್ತೆ ನನ್ನನ್ನು ಬಯಸು. ಪ್ರೀತಿ ಒಬ್ಬರಿಂದಲೇ ಆಗುವುದಿಲ್ಲ, ನನಗೆ ಗೊತ್ತು. ಆದರೆ ಮೆಲ್ಲಮೆಲ್ಲಗೆ ನೀನು ಮತ್ತೆ ಕಲಿಯಬಹುದೇನೋ.

ಈ 'ಒಬ್ಬರೇ' ಮತ್ತು 'ಮೆಲ್ಲಗೆ' ಅನ್ನುವ ಎರಡು ಪದಗಳ ಹತ್ತಿರ ಸ್ವಲ್ಪ ನಿಲ್ಲೋಣ. ಪೋರ್ಚುಗೀಸಿನಲ್ಲಿ ಅವು 'ಸೊಜ಼ೀಞು' ಮತ್ತು 'ದೆವಗರೀಞು'. ನಾವು ಚಿಕ್ಕವರಿದ್ದಾಗ ಕಾಗುಣಿತದಲ್ಲಿ ಞ ಬರೆದು ಬರೆದು ಬೈದುಕೊಂಡಿದ್ದೇವೆ, ಇದು ಯಾತಕ್ಕೆ ಬೇಕು ಅಂತ. ನೋಡಿ, ಲಿಸ್ಬನ್ನಿನವರಿಗೆ ಬೇಕಿತ್ತು! ಪದದ ಕೊನೆಗೆ ಈ 'ಈಞು' ಸೇರಿದರೆ ಅದು ಪುಟ್ಟದಾಗುತ್ತದೆ, ಮುದ್ದಾಗುತ್ತದೆ. 'ದೆವಗಾರ್' ಅಂದರೆ ನಿಧಾನ. 'ದೆವಗರೀಞು' ಅಂದರೆ ನಿಧಾನವೂ ಒಂದು ಮಗುವಾದ ಹಾಗೆ. ಕನ್ನಡದಲ್ಲಿ ಅದಕ್ಕೆ ಸರಿಸಾಟಿ ಪ್ರತ್ಯಯ ಇಲ್ಲ. ನಾವು ಪದವನ್ನೇ ಎರಡು ಸಲ ಹೇಳುತ್ತೇವೆ, ಮೆಲ್ಲಮೆಲ್ಲಗೆ ಅಂತ. ಮಗು ನಡೆಯಲು ಕಲಿಯುವಾಗ ಹೇಳುವ ದನಿ ಅದು. ಬಿಟ್ಟುಹೋದವರ ಹತ್ತಿರ ಆ ದನಿಯಲ್ಲಿ ಮಾತಾಡುತ್ತಾನೆ ಇವನು. ಸಲ್ವದೋರ್ ಆ ಪದಕ್ಕೆ ಬಂದಾಗ ನಿಜವಾಗಿಯೂ ನಿಧಾನ ಮಾಡುತ್ತಾನೆ. ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತವೆ.

ಇನ್ನು ಕೊನೆಯ ಸಾಲುಗಳು. ನಿನ್ನ ಹೃದಯ ಮಣಿಯದಿದ್ದರೆ, ಅದಕ್ಕೆ ಪ್ರೀತಿ ಹುಟ್ಟದಿದ್ದರೆ, ನೋವು ಬೇಡ ಅನಿಸಿದರೆ, ಮುಂದೇನು ಅನ್ನುವ ಲೆಕ್ಕಾಚಾರ ಬಿಟ್ಟು, ನನ್ನ ಹೃದಯವೇ ಇಬ್ಬರ ಪಾಲಿನದ್ದನ್ನೂ ಪ್ರೀತಿಸಬಲ್ಲದು.

ಕೇಳಿದಿರಾ? ಒಂದು ನಿಮಿಷದ ಹಿಂದೆ ಇದೇ ಮನುಷ್ಯ, ಪ್ರೀತಿ ಒಬ್ಬರಿಂದ ಆಗುವುದಲ್ಲ, ನನಗೆ ಗೊತ್ತು ಅಂದಿದ್ದ. ಈಗ ಅದನ್ನೇ ನಾನು ಮಾಡುತ್ತೇನೆ ಅನ್ನುತ್ತಿದ್ದಾನೆ. ಲೆಕ್ಕ ತಪ್ಪಿದೆ. ಅವನಿಗೂ ಗೊತ್ತು ತಪ್ಪಿದೆ ಅಂತ. ಹಾಡಿನ ಜೀವ ಇರುವುದು ಈ ತಪ್ಪು ಲೆಕ್ಕದಲ್ಲಿ ಅಂತ ನನಗೆ ಅನಿಸುತ್ತದೆ. ಇದನ್ನು ತುಂಬ ಜನ ತ್ಯಾಗದ ಹಾಡು, ನಿಸ್ವಾರ್ಥ ಪ್ರೀತಿ ಅಂತೆಲ್ಲ ಹೊಗಳುತ್ತಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ಅಂಗಡಿಯಲ್ಲಿ ದುಡ್ಡು ಸಾಲದೆ ಬಂದಾಗ, "ನೀವು ಏನೂ ಕೊಡಬೇಡಿ, ಇಬ್ಬರದ್ದೂ ನಾನೇ ಕೊಡ್ತೀನಿ, ಆದರೆ ಎದ್ದು ಹೋಗಬೇಡಿ" ಅನ್ನುವವನ ಮಾತು ಇದು. ಅವನ ಜೇಬೂ ಖಾಲಿ. ಶುರುವಿನಲ್ಲೇ ಹೇಳಿಲ್ಲವೇ, ಕೊಡಲು ಏನೂ ಇರಲಿಲ್ಲ ಅಂತ? ದೊಡ್ಡ ದನಿಯಲ್ಲಿ ಹಾಡಿದ್ದರೆ ಇದು ಹಟ ಆಗುತ್ತಿತ್ತು, ಕೇಳುವವರಿಗೆ ಭಯವೇ ಆಗುತ್ತಿತ್ತು. ಬಿಟ್ಟುಹೋದವರ ಮನೆ ಮುಂದೆ ನಿಂತು ಕೂಗುವವನ ಹಾಗೆ. ಪಿಸುದನಿಯಲ್ಲಿ ಹಾಡಿದ್ದಕ್ಕೆ ಅದು ತನಗೆ ತಾನೇ ಹೇಳಿಕೊಂಡ ಸುಳ್ಳಿನಂತೆ ಕೇಳಿಸುತ್ತದೆ. ಕನಿಕರ ಹುಟ್ಟುವುದು ಅಲ್ಲಿ.

ಹಾಡಿದವನ ಬಗ್ಗೆ ಸ್ವಲ್ಪ. ಸಲ್ವದೋರ್ 1989ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದವನು. ಮನಶ್ಶಾಸ್ತ್ರ ಓದಲು ಹೋಗಿ ಅದನ್ನು ಬಿಟ್ಟು ಬಾರ್ಸಿಲೋನಾದಲ್ಲಿ ಸಂಗೀತ ಕಲಿತ. ಜಾಜ್ ಅವನ ಮನೆ. ಚೆಟ್ ಬೇಕರ್ ಅಂದರೆ ಪ್ರಾಣ. ಟ್ರಂಪೆಟ್ ನುಡಿಸುತ್ತಾ, ಕಿವಿಯ ಹತ್ತಿರ ಗುಟ್ಟು ಹೇಳಿದ ಹಾಗೆ ಹಾಡುತ್ತಿದ್ದ ಅಮೆರಿಕದ ಕಲಾವಿದ ಆತ. ಜಾಜ್‌ನವರಿಗೆ ಒಂದೇ ಹಾಡನ್ನು ಎರಡು ಸಲ ಒಂದೇ ರೀತಿ ಹಾಡುವುದು ಬೇಜಾರು. ಸಲ್ವದೋರ್ ಕೂಡ ಈ ಹಾಡನ್ನು ಲಿಸ್ಬನ್ನಿನ ಆಯ್ಕೆ ಸುತ್ತಿನಲ್ಲಿ ಒಂದು ರೀತಿ, ಕೀವ್‌ನಲ್ಲಿ ಇನ್ನೊಂದು ರೀತಿ ಎತ್ತಿದ. ನಾವು ಮನೋಧರ್ಮ ಅನ್ನುತ್ತೇವಲ್ಲ, ಅದರ ಸಣ್ಣ ತುಣುಕು. ಸೆಕೆಂಡು ಲೆಕ್ಕ ಹಾಕಿ ಕ್ಯಾಮೆರಾ ತಿರುಗಿಸುವ ಸ್ಪರ್ಧೆಯಲ್ಲಿ ಇದು ಸಣ್ಣ ಧೈರ್ಯ ಅಲ್ಲ.

ಅವನಿಗೆ ಹೃದಯದ ಕಾಯಿಲೆ ಇತ್ತು. ಹೃದಯ ಹೃದಯ ಅಂತ ಹಾಡುವವನ ಹೃದಯವೇ ಸರಿ ಇರಲಿಲ್ಲ. ಕಥೆಗಾರರು ಹೀಗೆ ಬರೆದರೆ ನಾವು ನಗುತ್ತೇವೆ, ಅತಿಯಾಯಿತು ಅಂತ. ಕೀವ್‌ನಲ್ಲಿ ಎರಡು ವಾರ ಅಭ್ಯಾಸ ನಡೆಯುತ್ತದೆ. ಅಷ್ಟು ದಿನ ಊರು ಬಿಟ್ಟಿರಲು ಅವನ ಆರೋಗ್ಯ ಬಿಡಲಿಲ್ಲ. ಮೊದಲ ಅಭ್ಯಾಸಗಳಲ್ಲಿ ಅವನ ಜಾಗದಲ್ಲಿ ನಿಂತು ಹಾಡಿದವರು ಅಕ್ಕ ಲುಯೀಜ಼ಾ. ಬೆಳಕಿನವರು, ಕ್ಯಾಮೆರಾದವರು ಅವರನ್ನೇ ನೋಡಿ ಕೋನ ಗುರುತು ಮಾಡಿಕೊಂಡರು. ಇಬ್ಬರ ಪಾಲಿನದ್ದನ್ನು ಒಬ್ಬರು ಮಾಡುವುದು ಅಂತ ಹಾಡು ಬರೆದವರೇ ತಮ್ಮನ ಪಾಲಿನದ್ದನ್ನೂ ಹಾಡಬೇಕಾಯಿತು. ಇದರ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ.

ಕಾಯಿಲೆಗೆ ಕನಿಕರಪಟ್ಟು ಓಟು ಹಾಕಿದರಾ ಅಂತ ನಿಮಗೆ ಅನುಮಾನ ಬರಬಹುದು. ಇರಬಹುದು, ಸ್ವಲ್ಪ ಜನ. ಆದರೆ ಅಂಕ ನೋಡಿ. ಅಲ್ಲಿ ಎರಡು ಬಗೆಯ ಓಟು. ಪ್ರತಿ ದೇಶದಲ್ಲೂ ಸಂಗೀತ ಬಲ್ಲ ತೀರ್ಪುಗಾರರದ್ದು ಒಂದು, ಮನೆಯಲ್ಲಿ ಟೀವಿ ನೋಡುವವರದ್ದು ಇನ್ನೊಂದು. ಇವರಿಬ್ಬರಿಗೂ ಸಾಮಾನ್ಯವಾಗಿ ಎಣ್ಣೆ ಸೀಗೆಕಾಯಿ. ಆ ರಾತ್ರಿ ತೀರ್ಪುಗಾರರು ಕೊಟ್ಟದ್ದು 382, ಜನ ಕೊಟ್ಟದ್ದು 376. ಆರೇ ಅಂಕದ ವ್ಯತ್ಯಾಸ. ಎರಡೂ ಕಡೆ ಮೊದಲ ಸ್ಥಾನ. ಒಟ್ಟು 758, ಆವರೆಗಿನ ದಾಖಲೆ. ಉಳಿದ 41 ದೇಶಗಳು ಎಲ್ಲವೂ ಎರಡೂ ಬಗೆಯ ಓಟಿನಲ್ಲಿ ಪೂರ್ತಿ 12 ಕೊಟ್ಟಿದ್ದರೂ 984 ಆಗುತ್ತಿತ್ತು ಅಷ್ಟೇ. ಎರಡನೆಯದು ಬಲ್ಗೇರಿಯಾ, 615. ಅದನ್ನು ಹಾಡಿದ ಕ್ರಿಸ್ಟಿಯಾನ್ ಕೊಸ್ತೊವ್‌ಗೆ ಆಗ ಹದಿನೇಳು ವರ್ಷ. ಅವನ ಹಾಡೂ ಚೆನ್ನಾಗಿದೆ, ಮನೆಗೆ ಹೋಗಿ ಕೇಳಿ.

ಇನ್ನೊಂದು ಮಾತು. 1999ರಿಂದ ಯಾವ ಭಾಷೆಯಲ್ಲಿ ಬೇಕಾದರೂ ಹಾಡಬಹುದು ಅಂತಾಯಿತು. ಆಮೇಲೆ ಬಹುಪಾಲು ದೇಶಗಳು ಇಂಗ್ಲಿಷಿಗೆ ಜಾರಿದವು. ನಡುನಡುವೆ ಬೇರೆ ಭಾಷೆಯ ನಾಲ್ಕು ಸಾಲು ಬೆರೆಸಿ ಗೆದ್ದವರಿದ್ದಾರೆ. ಆದರೆ ಒಂದು ಸಾಲೂ ಇಂಗ್ಲಿಷ್ ಇಲ್ಲದ ಹಾಡು 2007ರಲ್ಲಿ ಸೆರ್ಬಿಯಾದ್ದು ಗೆದ್ದ ಮೇಲೆ ಹತ್ತು ವರ್ಷಕ್ಕೆ ಇದೇ ಗೆದ್ದದ್ದು. ತಿಳಿಯದ ಭಾಷೆಗೆ ಓಟು ಬೀಳುವುದಿಲ್ಲ ಅನ್ನುವವರ ಬಾಯಿ ಸ್ವಲ್ಪ ಕಾಲ ಮುಚ್ಚಿತು.

ಗೆದ್ದ ಮೇಲೆ ಸಲ್ವದೋರ್ ಒಂದು ಮಾತು ಹೇಳಿದ. ನಾವು ಬಳಸಿ ಬಿಸಾಡುವ ಸಂಗೀತದ ಕಾಲದಲ್ಲಿದ್ದೇವೆ, ಸಂಗೀತ ಅಂದರೆ ಪಟಾಕಿ ಅಲ್ಲ, ಭಾವನೆ ಅಂತ. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಮ್ಮ ಬಳಗದಲ್ಲಿ ಈ ಮಾತು ಹೇಳಿದರೂ ಚಪ್ಪಾಳೆ ಬೀಳುತ್ತದೆ, ನನಗೆ ಗೊತ್ತು. ಆದರೆ ನಾನು ಒಪ್ಪುವುದಿಲ್ಲ.

ಆ ರಾತ್ರಿಯ ಸಾಲು ನೋಡಿ. ಫೈನಲ್‌ನಲ್ಲಿ 26 ಹಾಡು. ಒಂಬತ್ತನೆಯದು ಇಟಲಿ. ಗೆಲ್ಲುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದ ಹಾಡು, ಗಾಯಕನ ಜೊತೆ ಗೊರಿಲ್ಲಾ ವೇಷದವನು ಕುಣಿಯುತ್ತಾನೆ. ಹತ್ತನೆಯದು ಡೆನ್ಮಾರ್ಕ್. ಹನ್ನೊಂದನೆಯವನು ನಮ್ಮ ಹುಡುಗ. ಹನ್ನೆರಡನೆಯದು ಅಜರ್‌ಬೈಜಾನ್, ಅದರಲ್ಲಿ ಕುದುರೆ ತಲೆ ಹಾಕಿಕೊಂಡವನೊಬ್ಬ ಏಣಿ ಮೇಲೆ ಕೂತಿರುತ್ತಾನೆ. ಗೊರಿಲ್ಲಾ ಹೋಗಿ ಕುದುರೆ ಬರುವ ನಡುವೆ ಒಬ್ಬ, ಅಳತೆಗಿಂತ ದೊಡ್ಡದಾದ ಕಪ್ಪು ಸೂಟು ತೊಟ್ಟು, ಕೂದಲು ಹಿಂದಕ್ಕೆ ಗಂಟು ಕಟ್ಟಿಕೊಂಡು, ದೊಡ್ಡ ವೇದಿಕೆ ಬಿಟ್ಟು ಜನರ ನಡುವಿನ ಪುಟ್ಟ ಕಟ್ಟೆಯ ಮೇಲೆ ನಿಂತು ಕಣ್ಣು ಮುಚ್ಚಿದ. ಹಿಂದೆ ಮುಂದೆ ಯಾರೂ ಇಲ್ಲ. ಪಟಾಕಿ ಹೊಡೆದ ಮೇಲೆ ಬೀದಿಯಲ್ಲಿ ಒಂದು ಕ್ಷಣ ಮೌನ ಬರುತ್ತದಲ್ವಾ, ದೀಪಾವಳಿಯಲ್ಲಿ? ಆ ಮೌನ ದಿನಾ ಇರುವ ಮೌನ ಅಲ್ಲ. ಆ ಮೌನ ಅವನಿಗೆ ಸಿಕ್ಕಿದ್ದು ಗೊರಿಲ್ಲಾದವನ ದಯೆಯಿಂದ. 26 ಜನವೂ ಕಣ್ಣು ಮುಚ್ಚಿ ಪಿಸುಗುಟ್ಟಿದ್ದರೆ ನಾನು ಮತ್ತೆ ಇಪ್ಪತ್ತು ಸೆಕೆಂಡಿಗೆ ಮುಂದಕ್ಕೆ ಹೋಗುತ್ತಿದ್ದೆ. ಅಷ್ಟಕ್ಕೂ ಕುಣಿಸುವುದೂ ವಿದ್ಯೆಯೇ. ಮೂರನೇ ಸ್ಥಾನ ಬಂದ ಮಾಲ್ಡೋವಾದವರ ಸ್ಯಾಕ್ಸೊಫೋನ್ ಕೇಳಿ ಕಾಲು ಆಡಿಸದೆ ಕೂತವರಿದ್ದರೆ ಕೈ ಎತ್ತಿ.

ಅವನ ಮಾತನ್ನು ಒಪ್ಪದಿದ್ದರೂ ಆಮೇಲೆ ಅವನು ಮಾಡಿದ್ದನ್ನು ಮರೆಯಲಾರೆ. ಗೆದ್ದವರು ಹಾಡನ್ನು ಇನ್ನೊಮ್ಮೆ ಹಾಡಬೇಕು, ಅದು ರೂಢಿ. ಅವನು ಅಕ್ಕನನ್ನು ಕರೆದ. ಒಂದು ಸಾಲು ಇವನು, ಒಂದು ಸಾಲು ಅವರು. ಅಕ್ಕ ಹಾಡುವಾಗ ತಮ್ಮ ಅವರ ಮುಖವನ್ನೇ ನೋಡುತ್ತಾನೆ. ಸ್ಪರ್ಧೆ ಮುಗಿದಿದೆ, ಅಂಕಕ್ಕಾಗಿ ಅಲ್ಲ. ಮನೆಯ ಹಜಾರದಲ್ಲಿ ಹಾಡಿಕೊಂಡ ಹಾಗೆ ಹಾಡುತ್ತಾರೆ. ನನಗೆ ಸ್ಪರ್ಧೆಯ ಮೂರು ನಿಮಿಷಕ್ಕಿಂತ ಇದೇ ಇಷ್ಟ.

ಮುಂದೆ ಏನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. ಅದೇ ವರ್ಷ ಡಿಸೆಂಬರ್ 8ರಂದು ಅವನಿಗೆ ಬೇರೆ ಹೃದಯ ಜೋಡಿಸಿದರು. ಗೆದ್ದ ದೇಶವೇ ಮುಂದಿನ ಸಲ ಸ್ಪರ್ಧೆ ನಡೆಸುವುದು ರೂಢಿ, ಹಾಗಾಗಿ 2018ರ ಮೇ ತಿಂಗಳಲ್ಲಿ ಯೂರೋವಿಷನ್ ಲಿಸ್ಬನ್ನಿಗೆ ಬಂತು. ಹೊಸ ಹೃದಯಕ್ಕೆ ಐದು ತಿಂಗಳು. ಅವನು ವೇದಿಕೆಗೆ ಬಂದು, ಬ್ರೆಜಿಲ್‌ನ ಹಿರಿಯ ಗಾಯಕ ಕಯೆತಾನು ವೆಲೋಸು ಅವರ ಜೊತೆ ಇದೇ ಹಾಡು ಹಾಡಿದ. ಆ ವರ್ಷ ಪೋರ್ಚುಗಲ್‌ನ ಹಾಡು? 26ರಲ್ಲಿ 26ನೆಯದು. ಹಿಂದಿನ ಬೆಂಚಿಗೆ ಮರಳಿದರು.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಕೊಂಚ ಹೊತ್ತು ಯಾರೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈಚೀಲ ಮಡಿಲಲ್ಲಿಟ್ಟುಕೊಂಡು, "ಅಲ್ಲಮ್ಮಾ, ಹೋದೋರು ವಾಪಸ್ ಬಂದ್ರಾ?" ಅಂದರು.

ಹೋದವರು ಗಂಡೋ ಹೆಣ್ಣೋ ಅಂತಲೂ ಹಾಡು ಹೇಳುವುದಿಲ್ಲ, 'ನೀನು' ಅನ್ನುತ್ತದೆ ಅಷ್ಟೇ, ಬಂದರಾ ಇಲ್ಲವಾ ಅಂತಲೂ ಹೇಳುವುದಿಲ್ಲ ಅಂದೆ.

"ಹಾಗಾದ್ರೆ ಇನ್ನೊಂದ್ಸಲ ಹಾಕಿ ನೋಡೋಣ," ಅಂದವರೇ ಎದ್ದು ಹೋಗಿ ಫ್ಯಾನ್ ಆರಿಸಿದರು.)